ಪೀಠ ಹೊಳೆ ದಾಟಿದ ವೃತ್ತಾಂತ

ವಾಡೆಲ್ ಕೌಂಟಿಯು ಅಯೋವಾ ರಾಜ್ಯದಲ್ಲಿದ್ದು, ಅದರ ಉದ್ದ ಇಪ್ಪತ್ತನಾಲ್ಕು ಮೈಲಿ, ಅಗಲ ಇಪ್ಪತ್ತನಾಲ್ಕು ಮೈಲಿ, ಎತ್ತರ ಇಲ್ಲ. ಕೌಂಟಿಯ ಕಚೇರಿ, ನ್ಯಾಯಾಲಯ, ಸೆರೆಮನೆ ಎಲ್ಲವೂ ಇರುವ ಊರಿನ ಹೆಸರು ಮೌಂಟ್ ಹೆಪ್‌ಬರ್ನ್. ಅಲ್ಲಿ ಬೆಟ್ಟವಿಲ್ಲ. ಆದರೆ 1858ರಲ್ಲಿ ಊರು ಕಟ್ಟಿದ ಮಹನೀಯರು ಬೆಟ್ಟವಿದೆಯೆಂದು ಪೂರ್ವದ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಬೆಟ್ಟದ ನೋಟವಿರುವ ನಿವೇಶನಗಳನ್ನು ಹೆಚ್ಚು ಬೆಲೆಗೆ ಮಾರಿಬಿಟ್ಟಿದ್ದರಿಂದ, ಆಮೇಲೆ ಬೆಟ್ಟ ಇಲ್ಲ ಅನ್ನುವುದು ಕಾನೂನಿನ ಪ್ರಕಾರ ಸಾಧ್ಯವಿರಲಿಲ್ಲ. ಹಾಗಾಗಿ ಇದೆ. ಹಿಮ ಬಿದ್ದ ದಿನ ಅಲ್ಲಿನ ಮಕ್ಕಳು ಜಾರುಬಂಡಿ ಎಳೆದುಕೊಂಡು ಬೆಟ್ಟದ ಬೀದಿಗೆ ಹೋಗುತ್ತಾರೆ, ಅದರ ಮೇಲೆ ಕೂತಿರುತ್ತಾರೆ, ಊಟದ ಹೊತ್ತಿಗೆ ಎದ್ದು ಮನೆಗೆ ಬರುತ್ತಾರೆ.

ಇಂಥ ಊರನ್ನು ಕೌಂಟಿಯ ಪೀಠ ಅನ್ನುತ್ತಾರೆ. ಪೀಠದ ನಡುವೆ ಒಂದು ಚೌಕ, ಚೌಕದ ನಡುವೆ ನ್ಯಾಯಾಲಯ, ನ್ಯಾಯಾಲಯದ ಸುತ್ತ ನಾಲ್ಕು ಸಾಲು ಅಂಗಡಿ. ಮೂರು ಸಾಲು ಕೌಂಟಿ ಮಂಡಳಿಯ ಅಧ್ಯಕ್ಷ ಕ್ಲೈಡ್ ಪೆಟಿಬೋನ್ ಅವರವು. ಸಾರ್ವಜನಿಕ ಹುದ್ದೆಯಲ್ಲಿರುವವರು ಎಲ್ಲವನ್ನೂ ತಾವೇ ಇಟ್ಟುಕೊಳ್ಳಬಾರದೆಂಬ ನಿಯಮವಿರುವುದರಿಂದ ನಾಲ್ಕನೆಯ ಸಾಲು ಅವರ ಹೆಂಡತಿ ಮೇಬೆಲ್ ಅವರದು.

ಪೀಠದಿಂದ ಪಶ್ಚಿಮಕ್ಕೆ ಹದಿನಾಲ್ಕು ಮೈಲಿ ಹೋದರೆ ಟರ್ಕಿ ಹೊಳೆ. ಹೊಳೆಯ ಆಚೆ ಟರ್ಕಿ ಫೋರ್ಡ್ ಎಂಬ ಹಳ್ಳಿ. ಸೇತುವೆ ಇಲ್ಲದ ಕಾಲದಲ್ಲಿ ಜನ ಅಲ್ಲಿ ನೀರಿಗಿಳಿದು ನಡೆದೇ ಹಾಯುತ್ತಿದ್ದರು, ಅದಕ್ಕೆ ಆ ಹೆಸರು. ಈಗ ಮೂವತ್ತೆಂಟು ಜನ, ಒಂದು ಚರ್ಚು, ಒಂದು ಕಣಜ. ಎಲ್ಲರೂ ನಾರ್ವೆಯಿಂದ ಬಂದವರ ಮೊಮ್ಮಕ್ಕಳು. ಅವರಲ್ಲಿ ಒಬ್ಬಳು ಹುಲ್ಡಾ ಟಾರ್ಕೆಲ್ಸನ್. ಅರವತ್ತೆಂಟು ವರ್ಷ, ಗಂಡ ಸತ್ತು ಹನ್ನೆರಡು ವರ್ಷ. ಫೋರ್ಡಿನ ಕಡೆಯ ದಡದಲ್ಲಿ ಅವಳ ಮನೆ, ಅವಳಿಗೆ ಆಚೆ, ಪೀಠದ ಕಡೆಯ ದಡದಲ್ಲಿ ಅವಳ ಅಕ್ಕ ಆಸ್ಟ್ರಿಡ್ ಒಬ್ಬಳೇ ಇರುವ ಮನೆ. ನಡುವೆ ನಲವತ್ತು ಹೆಜ್ಜೆ ನೀರು, ಅದರ ಮೇಲೆ ಮರದ ಸೇತುವೆ.

ಆಸ್ಟ್ರಿಡ್‌ಗೆ ಎಪ್ಪತ್ತನಾಲ್ಕು. ಕಣ್ಣಿಗೆ ಪೊರೆ, ಕೈ ನಡುಗುತ್ತದೆ. ಕೂದಲು ಮಾತ್ರ ಸೊಂಟದ ಕೆಳಗೆ ಬರುತ್ತದೆ, ಬೆಳ್ಳಗೆ, ದಟ್ಟಗೆ. ಪ್ರತಿ ಶನಿವಾರ ಹುಲ್ಡಾ ಸೇತುವೆ ದಾಟಿ ಹೋಗಿ, ಆ ಕೂದಲು ತೊಳೆದು, ಬಾಚಿ, ಎರಡು ಜಡೆ ಹಾಕಿ, ನೆತ್ತಿಯ ಸುತ್ತ ಸುತ್ತಿ, ಕಾಫಿ ಕುಡಿದು ಬರುತ್ತಿದ್ದಳು. ಅಮ್ಮ ಸತ್ತಾಗಿನಿಂದ ಹೀಗೇ. ಬೇರೆ ಯಾರ ಕೈಗೂ ಆಸ್ಟ್ರಿಡ್ ತಲೆ ಕೊಡುವವಳಲ್ಲ.

1958ರ ಏಪ್ರಿಲಿನಲ್ಲಿ ಹೊಳೆಯ ಮಂಜುಗಡ್ಡೆ ಒಡೆದು ಸೇತುವೆಯ ನಡುಭಾಗವನ್ನು ಕಿತ್ತುಕೊಂಡು ಹೋಯಿತು. ಮಂಡಳಿಯವರು ಕೂಡಲೇ ಕ್ರಮ ಕೈಗೊಂಡು ‘ರಸ್ತೆ ಮುಚ್ಚಿದೆ’ ಎಂಬ ಹಲಗೆಯನ್ನು ಎರಡೂ ಕಡೆ ನೆಟ್ಟರು. ಆಸ್ಟ್ರಿಡ್ ಇರುವ ಆಚೆ ದಡದ ರಸ್ತೆಯಲ್ಲಿ ಅಂಚೆ ಗಾಡಿಯೊಂದಕ್ಕೇ ಅನುಮತಿ. ಅಂಚೆ ಗಾಡಿಯಲ್ಲಿ ಮನುಷ್ಯರನ್ನು ಒಯ್ಯುವಂತಿಲ್ಲ, ಅಂಚೆಚೀಟಿ ಹಚ್ಚಿಕೊಂಡು ಬಂದರೂ. ಫೋರ್ಡಿನಿಂದ ಪೀಠಕ್ಕೆ ಹೋಗಬೇಕಾದವರು ಉತ್ತರಕ್ಕೆ ಹೋಗಿ, ಪಕ್ಕದ ಕೌಂಟಿಯೊಳಗೆ ನುಗ್ಗಿ, ಮೂವತ್ತೊಂದು ಮೈಲಿ ಸುತ್ತಿ ಬರಬೇಕು. ಹುಲ್ಡಾಳಿಗೆ ಕಾರು ಓಡಿಸಲು ಬರುವುದಿಲ್ಲ. ಹನ್ನೊಂದು ಶನಿವಾರ ಕಳೆದವು. ಹನ್ನೊಂದು ಶನಿವಾರವೂ ಅಕ್ಕ ತಂಗಿ ಎರಡು ದಡದಲ್ಲಿ ನಿಂತು ಕೂಗಿ ಮಾತಾಡಿದರು. ಆಸ್ಟ್ರಿಡ್‌ಳ ಕೂದಲು ಗಾಳಿಗೆ ಹಾರಿ ಅವಳ ಬಾಯೊಳಗೇ ಹೋಗುತ್ತಿತ್ತು.

ಜೂನ್ ಮೂರನೆಯ ವಾರ ಹುಲ್ಡಾ ಕೆನೆ ಸಾಗಿಸುವ ಲಾರಿ ಹತ್ತಿ ಮೌಂಟ್ ಹೆಪ್‌ಬರ್ನ್‌ಗೆ ಹೋಗಿ ಮಂಡಳಿಯ ಸಭೆಯಲ್ಲಿ ಎದ್ದು ನಿಂತಳು.

“ಏನಮ್ಮ, ಸೇತುವೆನಾ?” ಎಂದರು ಅಧ್ಯಕ್ಷ ಪೆಟಿಬೋನ್.

“ಸೇತುವೇನೇ ಕಣಪ್ಪ ಕ್ಲೈಡ್. ಎರಡು ಕೊನೆ ಇದೆ. ನಡುವಿಂದು ಬೇಕಿತ್ತು.”

ಪೆಟಿಬೋನ್ ಅವರು ಕೌಂಟಿಯ ವಕೀಲ ಆರ್ವಿಲ್ ಸ್ಟಾಮ್ ಕಡೆ ನೋಡಿದರು. ಸ್ಟಾಮ್ ತೆಳ್ಳಗಿನ ಮನುಷ್ಯ, ಕಾನೂನು ಪುಸ್ತಕವನ್ನು ಮಗುವಿನ ಹಾಗೆ ತೋಳಲ್ಲಿ ಎತ್ತಿಕೊಂಡೇ ಓಡಾಡುವವನು.

“ನಿಯಮ ಒಂಬತ್ತು” ಎಂದು ಅವನು ಓದಿದ. “ಪೀಠಕ್ಕೆ ಬರುವ ರಸ್ತೆಗಳ ಮೇಲಿನ ಸೇತುವೆಗಳನ್ನು ಮಾತ್ರ ದುರಸ್ತಿ ಮಾಡತಕ್ಕದ್ದು. ನಿಮ್ಮದು ಪೀಠದಿಂದ ಹೋಗುವ ರಸ್ತೆ.”

“ಹೋಗೋ ರಸ್ತೇಲೇ ಬರಬಹುದಲ್ಲಪ್ಪ. ಅರವತ್ತು ವರ್ಷದಿಂದ ಅದ್ರಲ್ಲೇ ಬಂದಿದ್ದೀನಿ.”

“ಅದು ನೀವು ಹಿಂದುಮುಂದಾಗಿ ಬಂದಿದ್ದು ತಾಯಿ. ಅಳತೆ ಶುರುವಾಗೋದು ಇಲ್ಲಿಂದ. ಇಲ್ಲಿ ಸೊನ್ನೆ, ಅಲ್ಲಿ ಹದಿನಾಲ್ಕು. ಅಂದ್ರೆ ಹೋಗುತ್ತೆ.”

“ಹಾಗಾದ್ರೆ ಫೋರ್ಡಿನಿಂದ ಬರೋ ರಸ್ತೆ ಯಾವುದು?”

“ಫೋರ್ಡಿನಿಂದ ಬರೋ ರಸ್ತೆ ಇಲ್ಲ. ಯಾರೂ ಕೇಳಿರಲಿಲ್ಲ.”

ಹುಲ್ಡಾ ಟೊಪ್ಪಿ ಸರಿಮಾಡಿಕೊಂಡಳು. “ಪೀಠ ಪೀಠ ಅಂತ ಬಡ್ಕೋತೀರಲ್ಲ, ಪೀಠ ಇರೋದು ನನ್ನ ಅಡುಗೆಮನೇಲಿ. ಬೆಳಿಗ್ಗೆ ಅದ್ರ ಮೇಲೆ ಕೂತ್ಕೊಂಡೇ ಆಲೂಗಡ್ಡೆ ಸುಲಿದು ಬಂದೆ.”

ಸಭೆ ನಕ್ಕಿತು. ದಾಖಲೆ ಕೋಣೆಯ ಮಿಸ್ ಲಿಯೋನಾ ಫಿಚ್ ಮಾತ್ರ ನಗಲಿಲ್ಲ. ಕೌಂಟಿಗೆ ಜುಲೈ ಹನ್ನೆರಡಕ್ಕೆ ನೂರು ವರ್ಷ ತುಂಬುವುದಿತ್ತು. ಆ ಪ್ರಯುಕ್ತ ಕೌಂಟಿಯ ಇತಿಹಾಸ ಮತ್ತು ಭೂಗೋಳವನ್ನು ಬರೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು. ಅವಳು 1871ನೆಯ ಇಸವಿಗೆ ಬಂದು ಅಲ್ಲೇ ನಾಲ್ಕು ತಿಂಗಳಿಂದ ನಿಂತಿದ್ದಳು.

1871ರಲ್ಲಿ ನಡೆದದ್ದು ಇಷ್ಟು. ಪೀಠ ಯಾವ ಊರಿನಲ್ಲಿರಬೇಕೆಂದು ಮತದಾನವಾಯಿತು. ಮೌಂಟ್ ಹೆಪ್‌ಬರ್ನ್‌ನಲ್ಲಿ ಮತದಾರರಿಗಿಂತ ಮುನ್ನೂರು ಮತ ಹೆಚ್ಚಾಗಿ ಬಿದ್ದವು, ಅಷ್ಟು ಉತ್ಸಾಹದ ಊರು ಅದು. ಫೋರ್ಡ್ ಸೋತಿತು. ಸೋತ ಊರಿನವರು ಗಾಡಿ ಕಟ್ಟಿಕೊಂಡು ಹೋಗಿ ಗೆದ್ದ ಊರಿನಿಂದ ದಾಖಲೆ ಪುಸ್ತಕ, ಕಬ್ಬಿಣದ ಪೆಟ್ಟಿಗೆ ಎಲ್ಲ ಹೊತ್ತು ತರುವುದು ಆ ಸೀಮೆಯ ರೂಢಿ. ಪುಸ್ತಕ ಯಾವ ಊರಲ್ಲೋ ಪೀಠ ಆ ಊರಲ್ಲಿ. ಫೋರ್ಡಿನವರೂ ಚರ್ಚಿನಲ್ಲಿ ಸೇರಿ, ಪೀಠವನ್ನು ತಂದೇ ತರಬೇಕೆಂದು ತೀರ್ಮಾನಿಸಿದರು. ಅವರೆಲ್ಲ ಹಡಗಿಂದ ಇಳಿದು ಆರು ತಿಂಗಳಾಗಿತ್ತು, ಇಂಗ್ಲಿಷು ಇನ್ನೂ ಮೈಗೆ ಹತ್ತಿರಲಿಲ್ಲ. ಗುಂಪಿನ ಮುಂದಾಳು ಹುಲ್ಡಾಳ ಅಜ್ಜ ಹಾಲ್ವರ್‌ಗೆ ಮಾತ್ರ ಪೀಠಕ್ಕೆ ಇಂಗ್ಲಿಷಿನವರು ಹೇಳುವ ‘ಸೀಟ್’ ಎಂಬ ಒಂದು ಪದ ಚೆನ್ನಾಗಿ ಗೊತ್ತಿತ್ತು. ಅಂಗಡಿಯವನು ದಿನಾ ಅದೇ ಪದ ಹೇಳಿ ಅವನನ್ನು ಕೂರಿಸುತ್ತಿದ್ದ. ಪೀಠ ಅಂದರೆ ಕೂರುವಂಥದ್ದು.

ಒಂದು ಭಾನುವಾರ, ಮೌಂಟ್ ಹೆಪ್‌ಬರ್ನ್‌ನವರು ಪ್ರಾರ್ಥನೆಗೆ ಹೋಗಿದ್ದಾಗ, ಹಾಲ್ವರ್ ಮತ್ತು ಹನ್ನೊಂದು ಜನ ಬಂದೂಕು ಹಿಡಿದು ಕಚೇರಿಗೆ ನುಗ್ಗಿದರು. ನ್ಯಾಯಾಧೀಶರ ಕುರ್ಚಿಯ ಮೇಲೆ ಕೌಂಟಿಯ ದಾಖಲೆ ಪುಸ್ತಕಗಳಷ್ಟೂ ಪೇರಿಸಿಟ್ಟಿದ್ದವು. ಅವನ್ನು ಒಂದೊಂದಾಗಿ ಎತ್ತಿ, ಧೂಳು ಒರೆಸಿ, ನೆಲದ ಮೇಲೆ ಒಪ್ಪವಾಗಿ ಜೋಡಿಸಿ, ಕುರ್ಚಿಯನ್ನು ಗಾಡಿಗೆ ಹಾಕಿಕೊಂಡು ಬಂದರು. ಮೌಂಟ್ ಹೆಪ್‌ಬರ್ನ್‌ನವರು ಬಂದು ನೋಡಿದರು, ಪುಸ್ತಕಗಳೆಲ್ಲ ಇದ್ದವು. ಗೆದ್ದೆವೆಂದು ಗಂಟೆ ಬಾರಿಸಿದರು. ಫೋರ್ಡಿನವರೂ ಗೆದ್ದೆವೆಂದು ಗಂಟೆ ಬಾರಿಸಿದರು. ಎಂಬತ್ತೇಳು ವರ್ಷ ಎರಡೂ ಊರು ಗೆಲುವಿನ ನೆಮ್ಮದಿಯಲ್ಲಿ ಬದುಕಿದವು.

ಹುಲ್ಡಾಳ ಮಾತು ಕಿವಿಗೆ ಬಿದ್ದದ್ದೇ ಮಿಸ್ ಫಿಚ್ ಸಭೆಯಿಂದ ಎದ್ದು ಹೋಗಿ ಮೊದಲ ನಡಾವಳಿ ಪುಸ್ತಕ ತಂದಳು. ಆಗಿನ ಗುಮಾಸ್ತ ಕಾಗದ ಉಳಿಸುವ ಸಲುವಾಗಿ, ಊರಿನ ನೇಮಕವನ್ನೂ ಕುರ್ಚಿಯ ಖರೀದಿಯನ್ನೂ ಒಂದೇ ವಾಕ್ಯದಲ್ಲಿ ಬರೆದಿದ್ದ: ‘ಈ ಕೌಂಟಿಯ ಪೀಠವು ಹಿಕರಿ ಮರದ್ದಾಗಿದ್ದು, ದನದ ತೊಗಲು ಹೊದ್ದು, ಮೌಂಟ್ ಹೆಪ್‌ಬರ್ನ್‌ನಲ್ಲಿ ಇರತಕ್ಕದ್ದು; ಅದು ಎಲ್ಲಿರುವುದೋ ಅಲ್ಲಿಯೇ ಕೌಂಟಿಯ ಸಮಸ್ತ ಅಧಿಕಾರವೂ ಇರತಕ್ಕದ್ದು.’

ಸ್ಟಾಮ್ ಅದನ್ನು ಮೂರು ಸಲ ಓದಿ ಕನ್ನಡಕ ತೆಗೆದ. ಕಾನೂನಿನ ಪ್ರಕಾರ ಎಂಬತ್ತೇಳು ವರ್ಷದಿಂದ ವಾಡೆಲ್ ಕೌಂಟಿಯ ಪೀಠ ಹುಲ್ಡಾ ಟಾರ್ಕೆಲ್ಸನ್‌ಳ ಅಡುಗೆಮನೆಯಲ್ಲಿದೆ ಎಂದೂ, ಮೌಂಟ್ ಹೆಪ್‌ಬರ್ನ್‌ನಲ್ಲಿ ಆಗಿರುವ ನೋಂದಣಿ, ತೀರ್ಪು, ಮದುವೆ ಎಲ್ಲವೂ ಬರೀ ಮಾತುಕತೆ ಎಂದೂ ಅಭಿಪ್ರಾಯ ಕೊಟ್ಟ.

“ಅಂದ್ರೆ ಮೇಬೆಲ್ ನನ್ನ ಹೆಂಡತಿ ಅಲ್ವೇನ್ರೀ?” ಎಂದರು ಪೆಟಿಬೋನ್.

“ಸದ್ಯಕ್ಕೆ ಪರಿಶೀಲನೆಯಲ್ಲಿದ್ದಾರೆ.”

“ಅವಳ ಹೆಸರಲ್ಲಿರೋ ಅಂಗಡಿ ಸಾಲು?”

“ಅದೂ.”

ಪೆಟಿಬೋನ್ ಅವರು ಮೊದಲ ಪ್ರಶ್ನೆಗಿಂತ ಎರಡನೆಯದಕ್ಕೆ ಹೆಚ್ಚು ಬಿಳಿಚಿಕೊಂಡರು.

ಮರುದಿನವೇ ಅಧ್ಯಕ್ಷರು, ವಕೀಲರು, ಮಿಸ್ ಫಿಚ್ ಮೂವರೂ ಮೂವತ್ತೊಂದು ಮೈಲಿ ಸುತ್ತಿ ಫೋರ್ಡಿಗೆ ಬಂದರು. ಅಡುಗೆಮನೆಯ ಬಾಗಿಲಲ್ಲಿ ಟೊಪ್ಪಿ ತೆಗೆದರು. ಕುರ್ಚಿ ಒಲೆಯ ಪಕ್ಕದಲ್ಲಿತ್ತು. ತೊಗಲಿನ ಕೂದಲು ಸವೆದಿತ್ತು, ಬೆನ್ನಿಗೆ ಒಂದು ಒದ್ದೆ ಬಟ್ಟೆ ಒಣಹಾಕಿತ್ತು. ಹುಲ್ಡಾ ಬಟ್ಟೆ ತೆಗೆದು, ಕಾಫಿ ಬಗ್ಗಿಸಿ, ಆಲೂಗಡ್ಡೆ ರೊಟ್ಟಿಗೆ ಬೆಣ್ಣೆ ಸಕ್ಕರೆ ಹಚ್ಚಿ ಸುರುಳಿ ಸುತ್ತಿ ಕೊಟ್ಟಳು.

“ಇದರ ಮೇಲೆ ಎಷ್ಟು ವರ್ಷದಿಂದ ಕೂರ್ತಿದ್ದೀರಿ?” ಎಂದ ಸ್ಟಾಮ್.

“ಮದುವೆಯಾಗಿ ಅಜ್ಜನ ಈ ಮನೇಲೇ ಸಂಸಾರ ಹೂಡಿದಾಗಿಂದ. ನಲವತ್ತಾರು.”

ಸ್ಟಾಮ್ ಬರೆದುಕೊಂಡ. “ಹಾಗಾದರೆ ನಲವತ್ತಾರು ವರ್ಷದಲ್ಲಿ ತಾವು ಆಲೂಗಡ್ಡೆಯ ಬಗ್ಗೆ ತೆಗೆದುಕೊಂಡ ನಿರ್ಧಾರಗಳಷ್ಟೂ ಊರ್ಜಿತ. ಕೌಂಟಿಯಲ್ಲಿ ಊರ್ಜಿತವಾಗಿರೋದು ಅವು ಮಾತ್ರ.”

“ಕುರ್ಚಿ ಕೊಡಿ ತಾಯಿ” ಎಂದರು ಪೆಟಿಬೋನ್. “ಕಾರಿನ ಹಿಂದೆ ಹಾಕ್ಕೊಂಡು ಹೋಗ್ತೀವಿ.”

“ಅದಾಗಲ್ಲ” ಎಂದ ಸ್ಟಾಮ್. ಸುತ್ತುದಾರಿ ಪಕ್ಕದ ಕೌಂಟಿಯೊಳಗೆ ಮುಕ್ಕಾಲು ಗಂಟೆ ಹೋಗುತ್ತದೆ. ಆ ಮುಕ್ಕಾಲು ಗಂಟೆ ವಾಡೆಲ್ ಕೌಂಟಿಯ ಪೀಠ ಪಕ್ಕದ ಕೌಂಟಿಯಲ್ಲಿರುತ್ತದೆ. ಅವರು ತಡೆದು ನಿಲ್ಲಿಸಿ ಇಟ್ಟುಕೊಂಡರೆ ಹಂದಿ, ಜೋಳ, ನ್ಯಾಯಾಲಯ, ಅಧ್ಯಕ್ಷರ ಸಮೇತ ಇಡೀ ಕೌಂಟಿ ಅವರದು.

ಹುಲ್ಡಾ ಕುರ್ಚಿಯ ಮೇಲೆ ಕೂತು ಕೈಕಟ್ಟಿದಳು. ಅವಳಿಗೆ ಕಾನೂನು ಇಷ್ಟು ಚೆನ್ನಾಗಿ ಯಾವತ್ತೂ ಅರ್ಥವಾಗಿರಲಿಲ್ಲ. “ಕುರ್ಚಿ ಕೊಡ್ತೀನಿ. ನಂಗೇನು, ಬೇರೆ ಮಣೆ ಇದೆ. ಆದ್ರೆ ನಮ್ಮಜ್ಜ ಇದನ್ನ ಯಾವ ದಾರೀಲಿ ತಂದನೋ ಅದೇ ದಾರೀಲಿ ಹೋಗ್ಬೇಕು. ಹೊಳೆ ದಾಟ್ಕೊಂಡು.”

“ಬರೆದು ಕೊಡ್ತೀರಾ?” ಎಂದ ಸ್ಟಾಮ್.

“ಬರ್ಕೊಳಿ. ಹಾಗಾದ್ರೆ ಸೇತುವೆ ಯಾವತ್ತು ಶುರು?”

“ನೀವು ಚಿಂತೆ ಮಾಡಬೇಡಿ” ಎಂದರು ಪೆಟಿಬೋನ್, ಎರಡನೆಯ ರೊಟ್ಟಿಗೆ ಕೈಹಾಕುತ್ತ.

ಹುಲ್ಡಾ ದಡಕ್ಕೆ ಓಡಿದಳು. “ಅಕ್ಕ, ಸೇತುವೆ ಆಗುತ್ತೆ. ಕ್ಲೈಡ್ ಪೆಟಿಬೋನ್ ಬಾಯಿಬಿಟ್ಟು ಹೇಳಿದ.”

ಆಚೆ ದಡದಿಂದ ಆಸ್ಟ್ರಿಡ್, “ಅವ್ನು ಹೇಳಿದ್ನಾ? ಹಾಗಾದ್ರೆ ನೀರು ಕಾಯಿಸೋದು ಬೇಡ ಬಿಡು” ಎಂದಳು.

ಸೇತುವೆಗೆ ಎಂದು ಓಕ್ ಮರದ ಹಲಗೆಗಳು ಬಂದವು. ಆಗ ಸ್ಟಾಮ್‌ಗೆ ಒಂದು ತೊಡಕು ಕಂಡಿತು. ಪೀಠ ಹುಲ್ಡಾಳ ಮನೆಯಲ್ಲಿರುವ ತನಕ ಆ ರಸ್ತೆ ಪೀಠಕ್ಕೆ ಬರುವ ರಸ್ತೆ, ಸೇತುವೆ ಕಟ್ಟಬಹುದು. ಸೇತುವೆ ದಾಟಿ ಪೀಠ ಮೌಂಟ್ ಹೆಪ್‌ಬರ್ನ್‌ಗೆ ಬಂದ ಗಳಿಗೆಯಲ್ಲೇ ಅದು ಪೀಠದಿಂದ ಹೋಗುವ ರಸ್ತೆಯಾಗಿ, ಸೇತುವೆ ನಿಯಮ ಒಂಬತ್ತಕ್ಕೆ ವಿರುದ್ಧವಾಗಿ, ಕಟ್ಟಿದ ತಪ್ಪಿಗೆ ಮಂಡಳಿಯ ಸದಸ್ಯರೇ ಹೊಣೆಗಾರರಾಗುತ್ತಾರೆ. ಇಂಥ ಅನಾಹುತಕ್ಕೆ ಅವಕಾಶ ಕೊಡಲಾಗದು. ಹಲಗೆಗಳನ್ನು ಶತಮಾನೋತ್ಸವದ ಗಣ್ಯರ ವೇದಿಕೆಗೆ ಬಳಸಲಾಯಿತು. ವೇದಿಕೆಯ ಜಾಗ ಪೆಟಿಬೋನ್ ಅವರ ಹೋಟೆಲಿನ ಮುಂದೆಯೇ ಬಿತ್ತು. ಉತ್ಸವ ಮುಗಿದ ಮೇಲೆ ಅದನ್ನು ಕೀಳುವುದು ವೃಥಾ ಖರ್ಚೆಂದು ಹೋಟೆಲಿನ ಜಗುಲಿಯಾಗಿ ಉಳಿಸಿಕೊಂಡರು.

ಸೇತುವೆಯ ಪ್ರಶ್ನೆಯನ್ನು ಮಂಡಳಿ ಬೇರೆ ಕಡೆಯಿಂದ ಬಿಡಿಸಿತು. ಆ ಸೀಮೆಯ ಅರ್ಧ ಭೂಮಿ ಹಿಂದೆ ಜೌಗು. ಮಣ್ಣಿನ ಕೊಳವೆ ಹೂತು, ಬಸಿಗಾಲುವೆ ತೋಡಿ ಒಣಗಿಸಿದ್ದು. ಕಾಲುವೆಗಳೆಲ್ಲ ಮಂಡಳಿಯ ಅಧೀನ. ಕಾಲುವೆಯನ್ನು ತೋಡುವ ಅಧಿಕಾರ ಉಳ್ಳವರಿಗೆ ಅದನ್ನು ರದ್ದು ಮಾಡುವ ಅಧಿಕಾರವೂ ಉಂಟು. ಜುಲೈ ಒಂದರಂದು ಕೌಂಟಿಯ ಪತ್ರಿಕೆಯಲ್ಲಿ ಈ ಪ್ರಕಟಣೆ ಬಂತು:

‘ಠರಾವು 41. ಟರ್ಕಿ ಹೊಳೆ ಎಂದು ಇದುವರೆಗೆ ತಪ್ಪಾಗಿ ತಿಳಿಯಲಾಗಿದ್ದ ನೀರನ್ನು ಬಸಿಗಾಲುವೆ ಸಂಖ್ಯೆ ಹನ್ನೊಂದು ಎಂದು ವರ್ಗೀಕರಿಸಲಾಗಿದೆ.

‘ಠರಾವು 42. ಬಸಿಗಾಲುವೆ ಸಂಖ್ಯೆ ಹನ್ನೊಂದರಿಂದ ಯಾರಿಗೂ ಉಪಯೋಗವಿಲ್ಲವೆಂದು ಕಂಡುಬಂದುದರಿಂದ ಅದನ್ನು ರದ್ದುಪಡಿಸಲಾಗಿದೆ. ಸದರಿ ಜಾಗದಲ್ಲಿ ಇನ್ನು ಮುಂದೆ ಒಣನೆಲ ಇರತಕ್ಕದ್ದು.

‘ಆಕ್ಷೇಪಣೆ ಉಳ್ಳವರು ಏಳು ದಿನದೊಳಗೆ ಖುದ್ದಾಗಿ ಹಾಜರಾಗತಕ್ಕದ್ದು.’

ಹುಲ್ಡಾ ಮತ್ತೆ ಕೆನೆ ಲಾರಿ ಹತ್ತಿದಳು.

“ಹೊಳೆ ಇದೆಯಪ್ಪ. ನಾನು ಬೆಳಿಗ್ಗೆ ನೋಡ್ದೆ.”

“ನೀವು ಬಂದಿದ್ದು ಹೇಗೆ?” ಎಂದ ಸ್ಟಾಮ್.

“ಲಾರೀಲಿ. ಸುತ್ತಿಕೊಂಡು.”

“ಅಂದರೆ ಹೊರ ಕೌಂಟಿಯ ಕಡೆಯಿಂದ ಬಂದ ಆಕ್ಷೇಪಣೆ. ಅದನ್ನ ನಾವು ತಗೊಳ್ಳೋ ಹಾಗಿಲ್ಲ. ಅಲ್ಲದೆ ನಿಮ್ಮ ಬಟ್ಟೆ ಒಣಗಿದೆ. ನಡುವೆ ಹೊಳೆ ಇದ್ದಿದ್ದರೆ ಎಲ್ಲಾದರೂ ಒಂದು ಕಡೆ ಒದ್ದೆಯಾಗಿರಬೇಕಿತ್ತು.”

“ಹೊಳೆ ಇಳಿದು ಬಂದಿದ್ರೆ?”

“ಒಣನೆಲದಲ್ಲಿ ಒದ್ದೆಯಾಗಿ ಬಂದವರ ಮಾತನ್ನ ಯಾರು ನಂಬ್ತಾರೆ ತಾಯಿ?”

ಮಿಸ್ ಫಿಚ್ ತಲೆ ಎತ್ತದೆ ಹೊಸ ಭೂಪಟದ ಮೇಲೆ ಕೆಲಸ ಮಾಡುತ್ತಿದ್ದಳು. ನೀಲಿ ಗೆರೆಯನ್ನು ಬ್ಲೇಡಿನಿಂದ ಹೆರೆದು ತೆಗೆಯುವುದು ನಾಜೂಕಿನ ಕೆಲಸ, ಕಾಗದ ಹರಿಯಬಾರದು. ಅವಳು ಒಮ್ಮೆ ಮಾತ್ರ ಹುಲ್ಡಾಳನ್ನು ನೋಡಿ, “ನಾನೂ ಚಿಕ್ಕವಳಿದ್ದಾಗ ಅಲ್ಲಿ ಈಜಿದ್ದೆ” ಎಂದು ಸಣ್ಣಗೆ ಹೇಳಿ, ಮತ್ತೆ ಹೆರೆಯತೊಡಗಿದಳು.

ಹೊಳೆ ರದ್ದಾದ್ದರಿಂದ ಹತ್ತೊಂಬತ್ತು ಎಕರೆ ಹೊಸ ಭೂಮಿ ಹುಟ್ಟಿತು. ಅದನ್ನು ಹರಾಜು ಹಾಕಲಾಯಿತು. ಹರಾಜಿನ ಸುದ್ದಿ ಗೊತ್ತಿದ್ದವರು ಮೇಬೆಲ್ ಪೆಟಿಬೋನ್ ಒಬ್ಬರೇ. ಬೆಳೆ ಅತಿಯಾಗಿ ಬೆಲೆ ಬೀಳದಿರಲೆಂದು ಆ ವರ್ಷ ಬಿತ್ತದೆ ಬಿಟ್ಟ ಹೊಲಕ್ಕೆ ವಾಷಿಂಗ್ಟನ್ನಿನ ಸರ್ಕಾರದಿಂದ ಹಣ ಬರುತ್ತಿತ್ತು. ಮೇಬೆಲ್ ಅವರು ಆ ಹತ್ತೊಂಬತ್ತು ಎಕರೆಯಲ್ಲಿ ಒಂದು ಕಾಳು ಜೋಳವನ್ನೂ ಬಿತ್ತುವುದಿಲ್ಲವೆಂದು ಪ್ರಮಾಣ ಮಾಡಿದರು. ಮಾತಿಗೆ ತಪ್ಪಲಿಲ್ಲ.

ಜುಲೈ ಹನ್ನೆರಡು ಬಂತು. ಆ ದಿನದ ಮಟ್ಟಿಗೆ ರಸ್ತೆಯ ಹಲಗೆಗಳನ್ನು ಕಿತ್ತಿದ್ದರು. ಆಚೆ ದಡದಲ್ಲಿ ವಾದ್ಯದವರು, ಶಾಲೆಯ ಮಕ್ಕಳು, ಕಾರುಗಳ ಸಾಲು. ಎಲ್ಲರ ಹಿಂದೆ ಒಂದು ಕಡೆ ಆಸ್ಟ್ರಿಡ್, ಬಿಚ್ಚಿದ ಕೂದಲನ್ನು ಕೊರಳಿಗೆ ಸುತ್ತಿಕೊಂಡು. ಈಚೆ ದಡದಲ್ಲಿ ಹುಲ್ಡಾಳ ಅಂಗಳಕ್ಕೆ ಅಧ್ಯಕ್ಷರು, ಇಬ್ಬರು ಸದಸ್ಯರು, ಸ್ಟಾಮ್, ಶೆರಿಫ್ ಬಂದು ನಿಂತರು.

“ಸೇತುವೆ ಎಲ್ಲಪ್ಪ?” ಎಂದಳು ಹುಲ್ಡಾ. “ಅಜ್ಜ ತಂದ ದಾರೀಲಿ ಅಂದಿದ್ದೆ.”

ಸ್ಟಾಮ್ ಕಾಗದ ತೆಗೆದ. “ನಿಮ್ಮಜ್ಜ ತಂದದ್ದು 1871ರಲ್ಲಿ. ಸೇತುವೆ ಕಟ್ಟಿದ್ದು 1880ರಲ್ಲಿ. ಅವರು ಹೊಳೆಗೆ ಇಳಿದು ನಡೆದೇ ಬಂದದ್ದು. ಈಗ ಹೊಳೆಯೂ ಇಲ್ಲ, ಇನ್ನೂ ಸುಲಭ.”

ಹುಲ್ಡಾ ಕಾಗದವನ್ನು ನೋಡಿದಳು. ಕೆಳಗೆ ಅವಳದೇ ಸಹಿ ಇತ್ತು. ಒಳಗೆ ಹೋಗಿ ಕುರ್ಚಿ ತಂದು ಅಂಗಳದಲ್ಲಿಟ್ಟಳು. ಆಮೇಲೆ ಬಾಚಣಿಗೆ ತಂದು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

“ನಾನೂ ಬರ್ತೀನಿ. ಇದ್ರ ಮೇಲೆ ನನ್ನ ಕೂರಿಸಿ ಆಚೆ ಬಿಡಿ. ಅಷ್ಟು ಮಾಡಿ ಸಾಕು, ಇನ್ನು ಸೇತುವೆ ಮಾತೆತ್ತಲ್ಲ.”

“ಪೀಠ ಅಧ್ಯಕ್ಷರದು” ಎಂದರು ಪೆಟಿಬೋನ್, ಮತ್ತು ಕೂತರು. “ನೀವು ಪಕ್ಕದಲ್ಲಿ ನಡ್ಕೊಂಡು ಬನ್ನಿ. ರಸ್ತೆ ಸಾರ್ವಜನಿಕರದು.”

ನಾಲ್ಕು ಜನ ಕುರ್ಚಿಯ ನಾಲ್ಕು ಕಾಲು ಹಿಡಿದು ಎತ್ತಿದರು. ಆ ಸಲ ಮಳೆ ಜೋರಾಗಿ ನೀರು ಇನ್ನೂ ಇಳಿದಿರಲಿಲ್ಲ. ಹುಲ್ಡಾ ಅವರ ಪಕ್ಕದಲ್ಲೇ ಲಂಗ ಎತ್ತಿ ಹಿಡಿದು ಕಾಲಿಟ್ಟಳು. ಮೊಣಕಾಲಿನ ತನಕ ಹೋಗಿರಬೇಕು, ಶೆರಿಫ್ ಒಂದು ಕೈಯಲ್ಲಿ ಪೀಠ ಹಿಡಿದುಕೊಂಡೇ ಇನ್ನೊಂದು ಕೈ ಅಡ್ಡ ಮಾಡಿದ.

“ಒಣನೆಲದಲ್ಲಿ ಯಾಕಮ್ಮ ಲಂಗ ಎತ್ತಿದ್ದೀರಿ? ಸಾರ್ವಜನಿಕ ರಸ್ತೇಲಿ ಹೆಂಗಸರು ಮೊಣಕಾಲು ತೋರಿಸಿದರೆ ನಾನು ಹಿಡೀಬೇಕಾಗುತ್ತೆ. ಮಕ್ಕಳು ನೋಡ್ತಿದ್ದಾರೆ.”

“ಬಿಟ್ರೆ ಒದ್ದೆಯಾಗುತ್ತಲ್ಲಪ್ಪ.”

“ಎಲ್ಲಿಂದ ಒದ್ದೆಯಾಗುತ್ತೆ?”

ಇದಕ್ಕೆ ಉತ್ತರ ಹೇಳಿದರೆ ಠರಾವಿಗೆ ವಿರುದ್ಧವಾಗುತ್ತಿತ್ತು. ಅವಳು ಲಂಗ ಬಿಟ್ಟಳು. ಉಣ್ಣೆಯ ಲಂಗ ನೀರು ಕುಡಿದು ಹಸುವಿನ ಹಾಗೆ ಭಾರವಾಗಿ ಅವಳನ್ನು ಕೆಳಕ್ಕೆ ಎಳೆಯಿತು. ಪಕ್ಕದ ಮನೆಯ ನೆಲ್ಸ್ ಹಾಗೆನ್ ಹಿಂದಿನಿಂದ ಬಂದು ರಟ್ಟೆ ಹಿಡಿದು ದಡಕ್ಕೆ ತಂದ. “ಬೇಡ ಹುಲ್ಡಕ್ಕ. ನೀರು ಇಳೀಲಿ, ಆಗಸ್ಟಲ್ಲಿ ನನ್ನ ದೋಣೀಲಿ ನಾನೇ ಬಿಟ್ಟುಬರ್ತೀನಿ.”

ಅಷ್ಟರಲ್ಲಿ ಪೀಠ ಒಣನೆಲದ ನಡುವನ್ನು ಮುಟ್ಟಿತ್ತು. ಅಲ್ಲಿ ಒಣನೆಲ ಸದಸ್ಯರ ಎದೆಯ ಮಟ್ಟಕ್ಕೆ ಇತ್ತು. ಸ್ಟಾಮ್‌ನ ಕಾಲು ಜಾರಿತು. ಕುರ್ಚಿ ವಾಲಿತು, ಅಧ್ಯಕ್ಷರು ಹಳೆಯ ಸೇತುವೆಯ ಕಂಬ ತಬ್ಬಿಕೊಂಡರು. ಕುರ್ಚಿ ಒಂದು ಸುತ್ತು ತಿರುಗಿ, ಬೆನ್ನ ಮೇಲಾಗಿ, ದಕ್ಷಿಣಕ್ಕೆ ತೇಲಿ, ತಿರುವಿನಲ್ಲಿ ಮರೆಯಾಯಿತು. ಅಲ್ಲಿಂದ ಮುಂದಕ್ಕೆ ಕೌಂಟಿಯ ಗಡಿ ಎರಡು ಮೈಲಿ.

ವಾದ್ಯ ನಿಂತಿತು. ಆಗ ಸ್ಟಾಮ್ ಕತ್ತಿನವರೆಗಿನ ನೀರಿನಲ್ಲಿ ನಿಂತು, ಕಾನೂನು ಪುಸ್ತಕವನ್ನು ತಲೆಯ ಮೇಲೆ ಹಿಡಿದು, ಗಂಭೀರವಾಗಿ ಹೇಳಿದ:

“ತೇಲುವುದಕ್ಕೆ ನೀರು ಬೇಕು. ಇಲ್ಲಿ ನೀರಿಲ್ಲ. ಆದ್ದರಿಂದ ಪೀಠ ತೇಲಿಲ್ಲ. ತೇಲದ ಪೀಠ ನಮ್ಮ ಜೊತೆಯಲ್ಲೇ ಇದೆ. ನಡೆಯಿರಿ.”

ವಾದ್ಯ ಮತ್ತೆ ಶುರುವಾಯಿತು. ನಾಲ್ಕು ಜನ ನಾಲ್ಕು ಮೂಲೆಯಲ್ಲಿ ಕೈ ಎತ್ತಿ ಹಿಡಿದುಕೊಂಡು ಆಚೆ ದಡ ಹತ್ತಿದರು. ಭಾರವಾಗಿದ್ದರಿಂದ ಮಧ್ಯೆ ಮಧ್ಯೆ ಭುಜ ಬದಲಿಸಿದರು. ಅಧ್ಯಕ್ಷರು ಬೆವರಿನಿಂದ ಪೂರ್ತಿ ತೋಯ್ದು ಹೋಗಿದ್ದರೆಂದು ಪತ್ರಿಕೆಯಲ್ಲಿ ಬಂತು. ಈಗ ಪೀಠ ನ್ಯಾಯಾಲಯದ ಮೊದಲ ಮಹಡಿಯಲ್ಲಿ, ಕೆಂಪು ಹಗ್ಗದ ಆವರಣದೊಳಗೆ ಇದೆ. ‘ದಯವಿಟ್ಟು ಕೂರಬೇಡಿ’ ಎಂಬ ಫಲಕವಿದೆ. ಶಾಲೆಯ ಮಕ್ಕಳು ಬಂದು ಅದರ ಚಿತ್ರ ಬರೆಯುತ್ತಾರೆ. ತೊಗಲಿನ ಬಣ್ಣ ಸರಿಯಾಗಿ ಬರೆದವರಿಗೆ ಮಿಸ್ ಫಿಚ್ ಬಹುಮಾನ ಕೊಡುತ್ತಾಳೆ. ಮೇಬೆಲ್ ಅವರ ಮದುವೆಯೂ ಅಂಗಡಿ ಸಾಲೂ ಊರ್ಜಿತವಾದವು.

ರಸ್ತೆ ನೇರವಾದ ಮೇಲೆ ಸುತ್ತುದಾರಿಗೆ ಕಾರಣವಿಲ್ಲವೆಂದು ಮಂಡಳಿ ಉತ್ತರದ ದಾರಿಯನ್ನು ಮುಚ್ಚಿತು. ಕೆನೆ ಲಾರಿ ಪಕ್ಕದ ಕೌಂಟಿಯ ಡೈರಿಗೆ ಹೋಗತೊಡಗಿತು. ಆಗಸ್ಟಿನಲ್ಲಿ ನೀರು ದೋಣಿ ಬಿಡುವಷ್ಟು ಇಳಿಯಿತು. ನೆಲ್ಸ್ ಹಾಗೆನ್ ದೋಣಿಯನ್ನು ದಡಕ್ಕೆ ಎಳೆದ ದಿನವೇ ಶೆರಿಫ್ ಚೀಟಿ ಅಂಟಿಸಿ ಹೋದ. ಸಾರ್ವಜನಿಕ ರಸ್ತೆಯಲ್ಲಿ ಚಕ್ರ, ದೀಪ, ನೋಂದಣಿ ಸಂಖ್ಯೆ ಯಾವುದೂ ಇಲ್ಲದ ವಾಹನ ತಂದದ್ದು ಅಪರಾಧ. ನೆಲ್ಸ್ ದೋಣಿಯನ್ನು ಮನೆಗೆ ಒಯ್ದು ಹಂದಿಗಳಿಗೆ ನೀರು ಕುಡಿಸಲು ಇಟ್ಟುಕೊಂಡ. ಭಾನುವಾರದ ಪ್ರಾರ್ಥನೆಯಲ್ಲಿ ಪಾದ್ರಿಗಳು ದೋಣಿ ಇಲ್ಲದೆ, ಸೇತುವೆ ಇಲ್ಲದೆ, ನೀರೇ ಇಲ್ಲದ ದಾರಿ ಕರುಣಿಸಿದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳಿದರು. ಫೋರ್ಡಿನವರು ತಲೆ ಬಾಗಿಸಿದರು. ಮೀನು ಹಿಡಿಯುವವರೂ ಈಗ ಗಾಳದ ಕೋಲನ್ನು ಕೋಟಿನೊಳಗೆ ಅಡಗಿಸಿಕೊಂಡು, ಹೊಲದ ಕಡೆ ಹೋಗಿ ಬರ್ತೀನಿ ಎಂದು ಹೇಳಿ ಹೋಗುತ್ತಿದ್ದರು.

ಹುಲ್ಡಾ ಕೊನೆಯದಾಗಿ ಅಂಚೆಯಲ್ಲಿ ಒಂದು ಪತ್ರ ಹಾಕಿದಳು. ಸೇತುವೆ, ಹೊಳೆ, ಕುರ್ಚಿ ಯಾವುದರ ಸುದ್ದಿಯನ್ನೂ ಎತ್ತಲಿಲ್ಲ. ‘ನಮ್ಮಕ್ಕನ ಕೂದಲು ಜಡೆ ಹಾಕದೆ ಗಂಟು ಬಿದ್ದಿದೆ. ನಾನು ಅವಳ ಮನೆಗೆ ಹೇಗೆ ಹೋಗಲಿ, ತಿಳಿಸಿ’ ಎಂದಷ್ಟೇ ಬರೆದಳು.

ಮಂಡಳಿ ಇದನ್ನು ಸಹಾನುಭೂತಿಯಿಂದ ಪರಿಶೀಲಿಸಿತು. ಸೆಪ್ಟೆಂಬರಿನಲ್ಲಿ ಅಕ್ಕ ತಂಗಿ ಇಬ್ಬರಿಗೂ ಒಂದೊಂದು ಪ್ರತಿ ಬಂತು, ಮೇಲೆ ಬಂಗಾರದ ಬಣ್ಣದ ಮುದ್ರೆ:

‘ಪ್ರಮಾಣಪತ್ರ. ಟರ್ಕಿ ಫೋರ್ಡಿನ ಶ್ರೀಮತಿ ಹುಲ್ಡಾ ಟಾರ್ಕೆಲ್ಸನ್ ಮತ್ತು ಆಕೆಯ ಅಕ್ಕನ ಮನೆಗಳ ನಡುವೆ ಯಾವ ಅಡ್ಡಿಯೂ ಇರುವುದಿಲ್ಲವೆಂದು ಮಂಡಳಿಯು ಖಚಿತಪಡಿಸಿಕೊಂಡಿದೆ. ಅಡ್ಡಿ ಇಲ್ಲದಿರುವಾಗ ತಂಗಿಯಾದವಳು ಹೋಗದೆ ಇರಲಾರಳಾದ್ದರಿಂದ, ಏಪ್ರಿಲ್‌ನಿಂದ ಈವರೆಗಿನ ಎಲ್ಲ ಶನಿವಾರಗಳಂದೂ ಆಕೆ ಹೋಗಿರುವಳೆಂದೂ, ಜಡೆ ಹಾಕಿರುವಳೆಂದೂ ಪರಿಗಣಿಸಲಾಗಿದೆ. ಮುಂದಿನ ಶನಿವಾರಗಳಿಗೂ ಇದೇ ಅನ್ವಯಿಸತಕ್ಕದ್ದು. ಈ ಬಗ್ಗೆ ಇನ್ನು ಪತ್ರ ಬರೆಯುವ ಅಗತ್ಯವಿರುವುದಿಲ್ಲ.’

ಆ ಶನಿವಾರ ಹುಲ್ಡಾ ದಡಕ್ಕೆ ಹೋಗಿ ಬಕೆಟ್ ಬೋರಲು ಹಾಕಿಕೊಂಡು ಕೂತಳು. ಆಚೆ ದಡಕ್ಕೆ ಆಸ್ಟ್ರಿಡ್ ಬಂದಳು. ಗಾಳಿ ಇತ್ತು, ಕೂದಲು ಅವಳ ಮುಖದ ತುಂಬ.

“ಅಕ್ಕ, ನಿಂಗೂ ಬಂತಾ ಕಾಗದ?”

“ಬಂತು. ಅಂಚೆಯವ್ನು ಓದಿ ಹೇಳ್ದ. ಮುದ್ರೆ ಚೆನ್ನಾಗಿದೆಯಂತೆ.”

“ಈಗೇನು ಮಾಡೋದು?”

ಆಸ್ಟ್ರಿಡ್ ಬಾಯೊಳಗಿನ ಕೂದಲು ತೆಗೆದಳು. ತಲೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

“ಮಾಡೋದೇನು. ಹೋದ ಶನಿವಾರ ನೀನು ಹಾಕಿದ್ದು ಸ್ವಲ್ಪ ಬಿಗಿಯಾಯ್ತು ಕಣೇ, ವಾರವೆಲ್ಲ ನೆತ್ತಿ ಎಳೀತಿತ್ತು. ಇವತ್ತು ಸಡಿಲವಾಗಿ ಹಾಕು.”

“ಆಗ್ಲಿ ಅಕ್ಕ” ಎಂದಳು ಹುಲ್ಡಾ. ಎರಡು ಜಡೆ ಹಾಕಲು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಅಲ್ಲೇ ಕೂತಿದ್ದು, ಆಮೇಲೆ ಎದ್ದು, ಬಕೆಟ್ ಎತ್ತಿಕೊಂಡು ಮನೆಗೆ ಹೋದಳು.